ಗೋಪಮ್ಮನ ಹೀಬ್ರೂ ಪಾಠ

ಮಾನ್ವಿಯ ಪಾದ್ರಿ ಮೌನಪ್ಪನವರ ಎರಡೂ ಕಣ್ಣಿಗೆ ಪೊರೆ ಬಂದದ್ದು ನಿಜಾಮರ ಆಳ್ವಿಕೆಯ ಕಾಲದಲ್ಲಿ, ನಲವತ್ಮೂರನೇ ಇಸವಿಯಲ್ಲಿ. ಕನ್ನಡದ ಸತ್ಯವೇದವನ್ನು ಯಾರಾದರೂ ಓದಿ ಹೇಳುತ್ತಿದ್ದರು. ಹರೆಯದಲ್ಲಿ ಕಷ್ಟಪಟ್ಟು ಕಲಿತು, ನಲವತ್ತು ವರ್ಷ ದಿನವೂ ಓದಿದ್ದ ಹೀಬ್ರೂ ಮೂಲವನ್ನು ಓದುವವರು ಮಾತ್ರ ಇಡೀ ತಾಲೂಕಿನಲ್ಲಿ ಇರಲಿಲ್ಲ. ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದರು.

ಅದನ್ನು ನೋಡಲಾಗದೆ ಗೋಪಮ್ಮ ಒಂದು ದಿನ ಹೇಳಿಯೇಬಿಟ್ಟಳು: "ಅಯ್ಯನವರ, ನನಗ ಅಕ್ಷರ ತೋರಿಸ್ರಿ. ನಾ ಓದ್ತೀನಿ."

ದೇವದುರ್ಗದವಳು ಗೋಪಮ್ಮ. ಮದುವೆಯಾದ ಮೂರೇ ವರ್ಷಕ್ಕೆ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಕ್ರೈಸ್ತ ಸಭೆಯ ಪರವಾಗಿ ಮನೆಮನೆಗೆ ಹೋಗಿ ಹೆಂಗಸರಿಗೆ ಸತ್ಯವೇದ ಓದಿ ಹೇಳುವುದು, ಕರೆದಲ್ಲಿ ಹೆರಿಗೆ ಮಾಡಿಸುವುದು ಅವಳ ಕೆಲಸ. ಅವಳಿಗೆ ಕನ್ನಡ ಓದು ಕಲಿಸಿದವರೂ ಇದೇ ಮೌನಪ್ಪನವರು.

"ಬಲದಿಂದ ಎಡಕ್ಕ ಓದಬೇಕವ್ವ ಅದು," ಎಂದು ಪಾದ್ರಿಗಳು ನಕ್ಕರು.

"ಕಚೇರಿ ಬೋರ್ಡಿನ ಉರ್ದು ಹಂಗ ಅಲ್ಲೇನ್ರಿ? ನೋಡೀನಿ ತಗೊಳ್ರಿ."

ಮರುದಿನದಿಂದಲೇ ಪಾಠ. ಅವರು ಪಡಸಾಲೆಯ ಫರಶಿಕಲ್ಲಿನ ಮೇಲೆ ಅಂಗೈಯಗಲದ ಅಕ್ಷರ ಬರೆಯುವರು, ಅವಳು ತಿದ್ದುವಳು. ಎಂಟು ತಿಂಗಳಿಗೆ ತಡವರಿಸುತ್ತ ಸಾಲು ಓದತೊಡಗಿದಳು. ಅವಳು ಓದಿದ್ದಕ್ಕೆ ಅರ್ಥ ಅವರು ಹೇಳುವರು.

ಗಂಟಲಾಳದಿಂದ ಹೊರಡಬೇಕಾದ 'ಹ'ದಂಥ ಒಂದು ಅಕ್ಷರ ಮಾತ್ರ ಜಪ್ಪಯ್ಯ ಅಂದರೂ ಬಾಯಿಗೆ ಬರಲಿಲ್ಲ. "ರೆಹೆಮ್" ಅನ್ನಲು ಹೋಗಿ "ರೆಕೆಮ್" ಅನ್ನುವಳು. ಕೊನೆಗೆ ಪಕ್ಕದ ಓಣಿಯ ಬಡೇಬೀ ಹತ್ತಿರ ಹೋದಳು. ಹೆಣ್ಣುಮಕ್ಕಳಿಗೆ ಅರಬ್ಬಿ ಓದಿಸುತ್ತಿದ್ದ ಮುದುಕಿ ಆಕೆ.

"ಕನ್ನಡಿ ಒರಸೋಮುಂದ ಹಾ ಅಂತ ಬಿಸಿ ಉಸುರು ಬಿಡ್ತಿ ನೋಡು, ಹಂಗ," ಎಂದಳು ಬಡೇಬೀ. ಗೋಪಮ್ಮ ಹತ್ತು ಸಲ ಹೇಳಿದ ಮೇಲೆ ಮುದುಕಿಯ ಕಣ್ಣರಳಿತು. "ಇದು ನಮ್ಮ ರಹಮ್ ಇದ್ದಂಗ ಅದಲ್ಲಬೇ! ರಹಮ್ ಅಂದ್ರ ದಯಾ."

ಗೋಪಮ್ಮ ಓಡುತ್ತ ಬಂದು ಪಾದ್ರಿಗಳನ್ನು ಕೇಳಿದಳು.

"ಖರೇ ಅದ," ಎಂದರು ಅವರು. "ರೆಹೆಮ್ ಅಂದ್ರ ಗರ್ಭ. ಕರುಣೆ ಅನ್ನೋ ಮಾತೂ ಅದರಾಗಿಂದ ಬಂದದ್ದು. ಅಪ್ಪ ಮಕ್ಕಳ ಮ್ಯಾಲೆ ಕರುಣೆ ತೋರಿಸ್ತಾನ ಅನ್ನಾಕೂ ಸತ್ಯವೇದದ ಕೀರ್ತನೆಯೊಳಗ ಅದೇ ಮಾತು ಬಳಸ್ಯಾರ."

ನೂರಾರು ಕೂಸುಗಳನ್ನು ಮೊದಲು ಹಿಡಿದದ್ದು ಅವಳ ಕೈ. ಆದರೂ ತೊಟ್ಟಿಲಿಗೆ ಹಾಕುವ ದಿನ ಬಂಜೆಯೆಂದು ಅವಳನ್ನು ಹಿಂದಕ್ಕೆ ನಿಲ್ಲಿಸುತ್ತಿದ್ದರು.

"ಅಪ್ಪ ಎಲ್ಲಿ ಹಡೀತಾನ್ರೀ? ಹಂಗಾದ್ರ ಹಡೀಲಾರದವರಿಗೂ ಈ ಮಾತು ಸಲ್ತದಲ್ರೀ, ಅಯ್ಯನವರ."

ಪಾದ್ರಿಗಳು ತೊಡೆಯ ಮೇಲಿನ ಪುಸ್ತಕವನ್ನು ಸವರಿದರು. "ನಲವತ್ತು ವರ್ಷ ಓದೀನಿ. ಇದು ನನಗ ಹೊಳೆದಿರಲಿಲ್ಲವ್ವ," ಎಂದರು.

ನಲವತ್ತಾರರಲ್ಲಿ ರಾಯಚೂರಿನಲ್ಲಿ ಅವರ ಕಣ್ಣಿನ ಆಪರೇಶನ್ ಆಯಿತು. ದಪ್ಪ ಕನ್ನಡಕ ಹಾಕಿಕೊಂಡು ಮಾನ್ವಿಗೆ ಬಂದವರೇ ಒಂದು ಪುಟ ತಾವೇ ಓದಿದರು. ಗೋಪಮ್ಮ ದೇವರಿಗೆ ಕೈಮುಗಿದಳು. ಆಮೇಲೆ ಎದ್ದು ಹೊರಟಳು.

"ಎಲ್ಲಿಗೆ?"

"ನಿಮಗ ಕಣ್ಣು ಬಂದಾವಲ್ರಿ. ಇನ್ನ ನಾ ಯಾಕ?"

"ಬರೇ ಓದೂದು ಕಲ್ತೀದಿ. ವ್ಯಾಕರಣ ಯಾರು ಕಲೀಬೇಕು? ಕೂಡು."

ಕಣ್ಣೊರೆಸಿಕೊಂಡು ಕೂತಳು. ಅವತ್ತೇ ಕ್ರಿಯಾಪದ ಶುರುವಾಯಿತು. ನಲವತ್ತೊಂಬತ್ತರಲ್ಲಿ ಸಭೆಯವರು ಅವಳನ್ನು ದೇವದುರ್ಗಕ್ಕೆ ಕಳಿಸುವ ಹೊತ್ತಿಗೆ, ಯಾರ ಹಂಗೂ ಇಲ್ಲದೆ ಒಂದು ಅಧ್ಯಾಯದ ಅರ್ಥ ಬಿಡಿಸಬಲ್ಲವಳಾಗಿದ್ದಳು. ಅಲ್ಲಿಯೂ ದಿನಾ ಬೆಳಗಿನ ಪ್ರಾರ್ಥನೆಯಲ್ಲಿ ಮೌನಪ್ಪನವರ ಹೆಸರು ಹೇಳಿ, ಬಡೇಬೀಯ ಹೆಸರು ಹೇಳಿ, ಆಮೇಲೆ ಪುಸ್ತಕ ತೆಗೆಯುತ್ತಿದ್ದಳು.