ಚಿನ್ನ ಅನ್ನುವ ಕೆಲಸ

ಬೊರೋಸ್ ಊರಿನಲ್ಲಿ ಚಾಕೊಲೇಟ್ ಡಬ್ಬ ಪ್ರಿಂಟ್ ಮಾಡುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ನನಗೆ ಒಂದೇ ಕೆಲಸ. ಚಿನ್ನದ ಬಣ್ಣ ಸಾಕಷ್ಟು ಹೊಳೆಯುತ್ತದೋ ಇಲ್ಲವೋ ಅಂತ ಕಣ್ಣಲ್ಲೇ ನೋಡಿ ಹೇಳುವುದು. ಹೆಸರು ಗುನ್ವೋರ್. ಜಂಭಕ್ಕೇನೂ ಕಮ್ಮಿಯಿಲ್ಲ. ಹೊಳಪು ಅಳೆಯುವ ಮೀಟರ್ ಬಂದ ದಿನ ಎಲ್ಲರೆದುರು, "ಇದು ಒಂದೇ ಕಡೆಯಿಂದ ನೋಡುತ್ತೆ. ಅಂಗಡೀಲಿ ಜನ ಡಬ್ಬಾನ ಹಾಗೆ ಹೀಗೆ ತಿರುಗಿಸಿ ನೋಡ್ತಾರೆ. ಇದಕ್ಕೇನ್ ಗೊತ್ತು ಮಣ್ಣಂಗಟ್ಟಿ!" ಅಂದಿದ್ದೆ.

ಆಮೇಲೆ ನಾಲ್ಕು ವರ್ಷ ಮೀಟರಿಗೂ ನನಗೂ ಜಗಳ. ಅದು ಸರಿ ಅಂದ ಹಾಳೆ ನನಗೆ ಮಂಕು. ಪ್ರಿಂಟಿಂಗ್ ಮೆಷಿನ್ ನಡೆಸುವ ಸಿಕ್ಸ್ಟೆನ್ ಹಾಳೆ ಎತ್ತಿಕೊಂಡು ಹೋಗಿ, ಅರ್ಧ ಗಂಟೆ ಬಿಟ್ಟು ತರುತ್ತಿದ್ದ.

"ಹಾಂ, ಈಗ ಚಿನ್ನ!" ಅನ್ನುತ್ತಿದ್ದೆ.

ಕಳೆದ ಚಳಿಗಾಲ ನಮ್ಮ ಮ್ಯಾನೇಜರ್ ಉಲ್ರಿಕಾ ಪರೀಕ್ಷೆ ಇಟ್ಟಳು. ಹನ್ನೆರಡು ಜನ, ಹತ್ತು ಚಿನ್ನದ ಹಾಳೆ. ಮಂಕಾದದ್ದರಿಂದ ಹೊಳೆಯುವುದರವರೆಗೆ ಸಾಲಾಗಿ ಜೋಡಿಸಬೇಕು. ಹೆಚ್ಚು ಜನರ ಕಣ್ಣು ಮೀಟರಿಗೆ ಹೊಂದಿದರೆ ಇನ್ನು ಮುಂದೆ ಅದರ ಮಾತೇ ಮಾತು. ನನಗೆ ಹೊಂದಿದರೆ ನನ್ನದು. ನಾನು ಎರಡೇ ನಿಮಿಷದಲ್ಲಿ ಜೋಡಿಸಿ, ಬನ್ನು ತಿನ್ನುತ್ತಾ ಉಳಿದವರ ಪರದಾಟ ನೋಡಿ ನಕ್ಕೆ.

ಹನ್ನೊಂದು ಜನರ ಸಾಲು ಹೆಚ್ಚುಕಡಿಮೆ ಮೀಟರಿನ ಸಾಲೇ. ಕ್ಯಾಂಟೀನಿನ ಅಡುಗೆಯವಳದ್ದು ಕೂಡ! ನನ್ನದೊಂದೇ ಎಲ್ಲೆಲ್ಲೋ.

ಉಲ್ರಿಕಾ ಮೆಲ್ಲಗೆ ಕೇಳಿದಳು, "ಗುನ್ವೋರ್, ಕಣ್ಣಿನ ಡಾಕ್ಟರ ಹತ್ರ ಹೋಗಿ ಎಷ್ಟು ದಿನ ಆಯ್ತು?"

ಎರಡು ಕಣ್ಣಲ್ಲೂ ಪೊರೆ ಬಂದಿತ್ತು. ಊರವರ ಚಿನ್ನ ಪರೀಕ್ಷಿಸುವವಳಿಗೆ ತನ್ನ ಕಣ್ಣೇ ಮಂಕಾದದ್ದು ಗೊತ್ತಾಗಲಿಲ್ಲ. ನಾಚಿಕೆಯಿಂದ ಸತ್ತೇಹೋದೆ.

ಪೊರೆ ತೆಗೆಸಿಕೊಂಡು ಬಂದವಳೇ ನೇರ ಸಿಕ್ಸ್ಟೆನ್ ಹತ್ತಿರ ಹೋದೆ. "ತಪ್ಪಾಯ್ತು ಕಣೋ. ನಾಲ್ಕು ವರ್ಷ ನಿನ್ನ ಕೈಲಿ ಸುಮ್‌ಸುಮ್ನೆ ಎರಡೆರಡು ಸಲ ಪ್ರಿಂಟ್ ಹಾಕಿಸ್ದೆ."

"ಎಲ್ಲಿ ಹಾಕ್ದೆ ಮಾರಾಯ್ತಿ? ಕಾಫಿ ಕುಡ್ಕೊಂಡು ಅದೇ ಹಾಳೆ ತರ್ತಿದ್ದೆ. ಎರಡನೇ ಸಲ ಕಿಟಕಿ ಹತ್ರ ಹಿಡೀತಿದ್ದೆ, ಅಷ್ಟೆ."

ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಮೀಟರ್ ಸರಿ ಅಂದಿತ್ತಲ್ಲ, ಮತ್ತೆ ನನ್ನ ಹತ್ರ ತರೋದಾದ್ರೂ ಯಾಕೆ?"

ಅವನು ಕೈಗಂಟಿದ ಬಣ್ಣ ಒರೆಸಿಕೊಳ್ಳುತ್ತಾ ಅಂದ, "ಅದು ಬರೀ ನಂಬರ್ ತೋರಿಸುತ್ತೆ. ಚಿನ್ನ ಅನ್ನಲ್ವಲ್ಲ."

ಈಗ ಮೀಟರಿನ ಗುಂಡಿ ಒತ್ತುವುದೇ ನನ್ನ ಕೆಲಸ. ನಂಬರ್ ಬಂದ ಮೇಲೂ ಸಿಕ್ಸ್ಟೆನ್ ಹಾಳೆ ಹಿಡಿದುಕೊಂಡು ನಿಂತೇ ಇರುತ್ತಾನೆ. ನಾನು "ಚಿನ್ನ" ಅಂದ ಮೇಲೆಯೇ ಹೋಗುವುದು.