ಹೊಲಿಗೆ ಚಿಕ್ಕಮ್ಮನ ಡಿವಿಡಿ

ಹೊಲಿಗೆ ಚಿಕ್ಕಮ್ಮ ಯಾರಿಗೂ ಸ್ವಂತ ಚಿಕ್ಕಮ್ಮ ಅಲ್ಲ. ನಾಟಕ ಮಂಡಳಿಯೊಂದಕ್ಕೆ ಇಪ್ಪತ್ತಾರು ವರ್ಷ ಬಟ್ಟೆ ಹೊಲಿದವರು. ನಟರು ಹಾಗೆ ಕರೆದರು, ಊರೂ ಹಾಗೇ ಕರೆಯಿತು. ನಮ್ಮ ಗ್ರಂಥಾಲಯದ ಹಿಂದಿನ ಓಣಿಯಲ್ಲಿ, ಮೆಟ್ಟಿಲ ಕೆಳಗಿನ ಒಂದು ಕೋಣೆ ಅವರ ಅಂಗಡಿ. ಒಳಗೆ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಗೋಡೆಯ ಮೊಳೆಗಳಲ್ಲಿ ಅಳತೆಯ ಕಾಗದಗಳು. ನಾಟಕದ ದಿನ ಮಾತ್ರ ಅವರ ಜಾಗ ರಂಗದ ಪಕ್ಕದ ಪರದೆ ಮರೆ. ಬಾಯಲ್ಲಿ ಎರಡು ಗುಂಡುಸೂಜಿ, ಕೊರಳಲ್ಲಿ ಟೇಪು. ಯಾರ ಗುಂಡಿ ಯಾವಾಗ ಕಿತ್ತು ಬರುತ್ತದೋ ಎಂದು ಕಾದು ನಿಲ್ಲಬೇಕು. ಹಾಗಾಗಿ ಅವರು ಒಂದು ನಾಟಕವನ್ನೂ ಎದುರಿಂದ ನೋಡಿದವರಲ್ಲ.

“ರಾಜ, ಮಂತ್ರಿ, ಕಳ್ಳ, ಎಲ್ಲರದ್ದೂ ಬೆನ್ನು ಗೊತ್ತು ನಂಗೆ. ಎದುರಿಗೆ ಬಂದ್ರೆ ಯಾರು ಅಂತ ಕೇಳ್ಬೇಕು” ಎಂದು ನಗುತ್ತಿದ್ದರು.

ಅವರ ಕೈಯ ದೊಡ್ಡ ಕೆಲಸವೆಂದರೆ ಮಂಡಳಿಯ ಕೊನೆಯ ನಾಟಕದ ರಾಣಿಯ ನಿಲುವಂಗಿ. ಇನ್ನೂರ ಹನ್ನೆರಡು ನಿರಿಗೆ, ಎಲ್ಲವೂ ಕೈಹೊಲಿಗೆ. ರಾಣಿ ಅದನ್ನು ತೊಟ್ಟು ಬರುವುದು ಕೊನೆಯ ಅಂಕದಲ್ಲಿ. ಆ ನಾಟಕ ಸಮುದ್ರದಾಚೆಯ ದೇಶವೊಂದಕ್ಕೆ ಹೋಯಿತು. ಟಿಕೆಟ್ಟು ನಟರಿಗೆ ಮಾತ್ರ. “ಬಟ್ಟೆ ವಿಮಾನ ಹತ್ತಿತು, ನಾನು ಗೇಟಿನವರೆಗೆ ಹೋಗಿ ಬಂದೆ” ಎಂದು ಚಿಕ್ಕಮ್ಮ ಹೇಳುತ್ತಿದ್ದರು. ಅಲ್ಲಿನ ಕಂಪನಿಯೊಂದು ನಾಟಕವನ್ನು ಚಿತ್ರೀಕರಿಸಿ, ಡಿವಿಡಿ ಮಾಡಿ ಮಾರಿತು. ವಾಪಸು ಬರುವಾಗ ಬಟ್ಟೆಗಳ ಪೆಟ್ಟಿಗೆ ದಾರಿಯಲ್ಲೆಲ್ಲೋ ಕಳೆದುಹೋಯಿತು. ಮಂಡಳಿಯೂ ಹೆಚ್ಚು ದಿನ ಉಳಿಯಲಿಲ್ಲ. ಆ ದೇಶದಲ್ಲೇ ನೆಲೆಸಿದ ನಾಟಕದ ಮೇಷ್ಟ್ರು, ವರ್ಷಗಳ ಮೇಲೆ ನೆನಪು ಮಾಡಿಕೊಂಡು, ತಮ್ಮ ಬಳಿ ಇದ್ದ ಒಂದೇ ಡಿವಿಡಿಯನ್ನು ಚಿಕ್ಕಮ್ಮನಿಗೆ ಅಂಚೆಯಲ್ಲಿ ಕಳಿಸಿದರು. ಆ ನಿಲುವಂಗಿಯನ್ನು ಎದುರಿಂದ ನೋಡಲು ಇನ್ನು ಉಳಿದಿದ್ದ ದಾರಿ ಅದೊಂದೇ.

ನಾನು ಆಗ ಗ್ರಂಥಾಲಯದ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಹೊಸಬ. ನಮ್ಮ ಮನೆಯಲ್ಲಿ ಪದವಿ ಪಡೆದವನು ನಾನೇ ಮೊದಲು. ಅಪ್ಪ ಹೊಲದ ಬದುವಿನ ಮೇಲೆ ಯಾರು ಸಿಕ್ಕರೂ “ನಮ್ಮವನಿಗೆ ತಿಳಿಯದ್ದು ಯಾವುದೂ ಇಲ್ಲ” ಎನ್ನುತ್ತಿದ್ದರು. ಹಾಗೆ ಕೇಳಿ ಕೇಳಿ, ‘ಗೊತ್ತಿಲ್ಲ’ ಎನ್ನುವ ಅಭ್ಯಾಸವೇ ನನಗೆ ತಪ್ಪಿಹೋಗಿತ್ತು.

ಡಿವಿಡಿಗಳಿಗೆ ಪ್ರದೇಶದ ಸಂಖ್ಯೆ ಎಂದು ಒಂದಿದೆ. ಮಾರುವವರು ಜಗತ್ತನ್ನು ಕೆಲವು ಪ್ರದೇಶಗಳಾಗಿ ಹಂಚಿ, ಒಂದು ಕಡೆಯ ಡಿಸ್ಕ್ ಇನ್ನೊಂದು ಕಡೆ ಓಡದಂತೆ ಮಾಡಿರುತ್ತಾರೆ. ಕಂಪ್ಯೂಟರಿನ ಡ್ರೈವ್‌ಗೂ ಆ ಸಂಖ್ಯೆ ಹೊಂದಿಸಬೇಕು. ಬದಲಿಸಲು ಸಿಗುವುದು ಐದೇ ಅವಕಾಶ. ಐದನೆಯ ಸಲ ಎಲ್ಲಿಗೆ ನಿಲ್ಲಿಸಿದೆವೋ ಅದು ಅಲ್ಲೇ ಬೀಗ ಹಾಕಿಕೊಳ್ಳುತ್ತದೆ. ಪರದೆಯ ಮೇಲೆ ಪ್ರತಿ ಸಲವೂ ಎಚ್ಚರಿಕೆ ಬರುತ್ತದೆ: ಇನ್ನು ನಾಲ್ಕು, ಇನ್ನು ಮೂರು. ನಾನು ಓದಲಿಲ್ಲ. ದಿನಕ್ಕೆ ನಲವತ್ತು ಎಚ್ಚರಿಕೆಗಳಿಗೆ ‘ಸರಿ’ ಒತ್ತುವ ಕೈಗೆ ಅದು ನಲವತ್ತೊಂದನೆಯದು.

ಮೊದಲು ನಮ್ಮ ಪ್ರದೇಶಕ್ಕೆ ಹೊಂದಿಸಿದೆ. ನಿವೃತ್ತ ಅಂಚೆಯಣ್ಣ ತಮ್ಮ ಅಕ್ಕನ ಮಗ ಹೊರದೇಶದಿಂದ ಕಳಿಸಿದ ಕಾಡುಪ್ರಾಣಿಗಳ ಡಿವಿಡಿ ತಂದರು. ಅತ್ತ ಬದಲಿಸಿದೆ. ಶಾಲೆಯ ವಿಜ್ಞಾನದ ಡಿವಿಡಿಗಾಗಿ ಮತ್ತೆ ಇತ್ತ. ಅಂಚೆಯಣ್ಣ ಇನ್ನೊಂದು ತಂದರು, ಮತ್ತೆ ಅತ್ತ. “ನೋಡ್ರೀ, ಓದಿದವರ ಕೈ ಅಂದ್ರೆ ಇದು! ಅಂಗಡಿಯವನು ಆಗೋದೇ ಇಲ್ಲ ಅಂದಿದ್ದ” ಎಂದು ಅವರು ಓದುವ ಕೋಣೆಗೆಲ್ಲ ಕೇಳುವಂತೆ ಹೊಗಳಿದರು. ನಾನು ಹಿಗ್ಗಿದೆ. ಮರುದಿನ ಶಾಲೆಯವರಿಗಾಗಿ ಮತ್ತೆ ಇತ್ತ. ಅಲ್ಲಿಗೆ ಐದು ಮುಗಿದಿತ್ತು.

ಮುಂದಿನ ವಾರ ಚಿಕ್ಕಮ್ಮ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬಂದರು. ಡಿವಿಡಿಗೆಂದೇ ಒಂದು ಬಟ್ಟೆಯ ಚೀಲ ಹೊಲಿದಿದ್ದರು. ಅದಕ್ಕೊಂದು ಗುಂಡಿ ಬೇರೆ.

“ಏನೋ ಕಂಪ್ಯೂಟರ್, ಇವತ್ತಾದ್ರೂ ನಂಗೆ ಮುಂದಿನ ಸಾಲಲ್ಲಿ ಕುರ್ಚಿ ಕೊಡ್ತೀಯಾ?”

“ಕೂತ್ಕೊಳ್ಳಿ ಚಿಕ್ಕಮ್ಮ. ಎರಡೇ ನಿಮಿಷ.”

ಎರಡು ನಿಮಿಷ ಇಪ್ಪತ್ತಾಯಿತು. ಇನ್ನು ಬದಲಿಸಲು ಸಾಧ್ಯವಿಲ್ಲ ಎಂದು ಪರದೆ ಹೇಳುತ್ತಿತ್ತು. ಆಗ ಓದಿದೆ, ಎರಡು ಸಲ ಓದಿದೆ. ಪಕ್ಕದ ಮೇಜಿನಲ್ಲಿ ಅಂಚೆಯಣ್ಣ ಪತ್ರಿಕೆ ಮಡಚಿ ನನ್ನನ್ನೇ ನೋಡುತ್ತಿದ್ದರು.

“ಯಾಕೋ, ಮುಖ ಹಿಂಡಿದ ಬಟ್ಟೆ ಥರ ಆಗಿದೆ?” ಚಿಕ್ಕಮ್ಮ ಕೇಳಿದರು.

“ಡಿಸ್ಕೇ ಹಾಳಾಗಿದೆ ಚಿಕ್ಕಮ್ಮ. ಏನಾದ್ರೂ ಹಾಕಿ ಒರೆಸಿದ್ರಾ?”

ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. “ಒರೆಸಿದೆ ಕಣೋ. ಧೂಳಿತ್ತು ಅಂತ ಮೆತ್ತನೆ ಬಟ್ಟೇಲಿ ಒಂದೇ ಸಲ…”

“ಅದಕ್ಕೇ” ಎಂದೆ.

ಆ ಮಾತು ಆಡಿದ್ದು ನಾನೇ. ಅವರು ಡಿಸ್ಕನ್ನು ಚೀಲಕ್ಕೆ ಹಾಕಿ ಗುಂಡಿ ಹಾಕಿದರು. “ಪಾಪ, ನಿನ್ನ ಕೆಲಸಾನೂ ಕೆಡಿಸಿದೆ” ಎಂದು ನನ್ನ ಬೆನ್ನು ತಟ್ಟಿ ಹೋದರು. ಆಮೇಲೆ ನಾನು ಊಟಕ್ಕೆ ಹೋಗುವಾಗ ಆ ಓಣಿ ಬಿಟ್ಟು ಸುತ್ತು ದಾರಿ ಹಿಡಿಯತೊಡಗಿದೆ.

ಎಂಟು ತಿಂಗಳಾದ ಮೇಲೆ ಗ್ರಂಥಾಲಯಕ್ಕೆ ಹೊಸ ಕಂಪ್ಯೂಟರ್ ಬಂತು. ಹೊಸ ಡ್ರೈವ್, ಹೊಸದಾಗಿ ಐದು ಅವಕಾಶ. ಪೆಟ್ಟಿಗೆ ಬಿಚ್ಚಿದ ದಿನವೇ ಓಣಿಗೆ ಓಡಿದೆ. ಚಿಕ್ಕಮ್ಮ ಮೇಜಿನ ಮೇಲೆ ದುಂಡು ಚೀಲಗಳ ತಳಕ್ಕೆ ಬಟ್ಟೆ ಗುರುತು ಮಾಡುತ್ತಿದ್ದರು. ಬಟ್ಟೆಯ ಮೇಲೆ ಆ ಡಿವಿಡಿ ಇತ್ತು. ಅದರ ಅಂಚು ಹಿಡಿದು, ಚುಕ್ಕಿ ಬೀಳಿಸುವ ಹಲ್ಲಿನ ಚಕ್ರವನ್ನು ಉರುಳಿಸುತ್ತಿದ್ದರು.

“ಹೆಂಗೂ ಹಾಳಾಗಿತ್ತಲ್ಲ. ನೋಡು, ತಳಕ್ಕೆ ಹೇಳಿ ಮಾಡಿಸಿದ ಅಳತೆ” ಎಂದು ಎತ್ತಿ ತೋರಿಸಿದರು. ಅಂಚಿನ ಸುತ್ತ ಬೆರಳಗಲ, ಚಕ್ರ ಜಾರಿದ ಕಡೆಯಲ್ಲೆಲ್ಲ, ಇರುವೆ ಸಾಲಿನಂತೆ ಚುಕ್ಕಿಗಳು.

ಆಗಲೂ ನಾನು ನಿಜ ಹೇಳಲಿಲ್ಲ. “ಹೊಸ ಮೆಷಿನ್ ಬಂದಿದೆ, ಒಂದು ಸಲ ನೋಡೋಣ ಬನ್ನಿ” ಎಂದೆ ಅಷ್ಟೆ.

ಡಿಸ್ಕ್ ಓಡಿತು. ಚಿಕ್ಕಮ್ಮ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. “ಅಯ್ಯೋ, ಮಂತ್ರಿ ಮೂಗು ಇಷ್ಟುದ್ದ ಇತ್ತೇನೋ! ಆ ಕಾಲರ್ ನೋಡು, ಎಡಗಡೆ ಎದ್ದಿದೆ. ಯಾರೂ ಹೇಳೇ ಇಲ್ವಲ್ಲ ನಂಗೆ!” ಒಂದೂವರೆ ಗಂಟೆ ಅವರು ಬೈದರು, ನಕ್ಕರು, ಗುಂಡಿ ಎಣಿಸಿದರು. ನಾನು ಅವರ ಹಿಂದೆ ನಿಂತಿದ್ದೆ. ಡಿವಿಡಿಯ ಬರಹ ನಡುವಿನಿಂದ ಶುರುವಾಗಿ ಅಂಚಿನ ಕಡೆಗೆ ಸಾಗುತ್ತದೆ. ಅಂಚಿನಲ್ಲಿರುವುದು ಕೊನೆಯ ಅಂಕ.

ರಾಣಿ ಬಂದಳು. ಕುತ್ತಿಗೆಯಿಂದ ಕೆಳಗೆ ಚಿತ್ರ ಚೌಕ ಚೌಕವಾಗಿ ಒಡೆಯಿತು, ನಡುಗಿತು, ನಿಂತಿತು. ಮೂರು ಸಲ ಮತ್ತೆ ಹಾಕಿದೆ. ಮೂರು ಸಲವೂ ಅಲ್ಲೇ ನಿಂತಿತು.

“ಬಿಡು. ನಾನು ಒರೆಸಿದ್ದೇ ಸರಿಯಿಲ್ಲ” ಎಂದರು.

“ಅಲ್ಲ ಚಿಕ್ಕಮ್ಮ.” ಅವತ್ತು ಡಿಸ್ಕ್ ಚೆನ್ನಾಗಿತ್ತು, ಡ್ರೈವ್ ಕೆಡಿಸಿದ್ದು ನಾನು ಎಂದು ಎಲ್ಲ ಹೇಳಿದೆ. ಓದುವ ಕೋಣೆಯಲ್ಲಿ ಅಂಚೆಯಣ್ಣನೂ ಇದ್ದರು. ಹೇಳಿದೆ.

ಚಿಕ್ಕಮ್ಮ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. “ಎಂಟು ತಿಂಗಳು ಈ ಕೈಗೇ ಬೈಕೊಂಡೆನಲ್ಲೋ. ಮೇಷ್ಟ್ರಿಗೆ ಕಾಗದ ಹಾಕಿ, ನೀವು ಕಳಿಸಿದ್ದನ್ನ ಹಾಳು ಮಾಡ್ಕೊಂಡೆ, ತಪ್ಪಾಯ್ತು ಅಂತ ಬರೆದೆ.” ಆಮೇಲೆ, “ತಪ್ಪು ಹೊಲಿಗೇನ ಹಾಕಿದವನೇ ಕೂತು ಬಿಚ್ಚಬೇಕು. ಈಗ ನೀನು ಬರಿ” ಎಂದರು.

ಅಲ್ಲೇ ಬರೆದು ಓದಿ ಹೇಳಿದೆ. ಒಂದು ಕಡೆ ತಡೆದರು.

“ಅಚಾತುರ್ಯದಿಂದ ಅಂದ್ರೇನು?”

“ಗೊತ್ತಿಲ್ಲದೆ ಆಗಿದ್ದು ಅಂತ.”

“ಐದು ಸಲ ಒತ್ತಿದ್ದು ಗೊತ್ತಿಲ್ಲದೆ. ಹಾಳಾಗಿದೆ ಅಂದಿದ್ದು ಗೊತ್ತಿದ್ದೇ ತಾನೆ? ಹೊಡೆದು ಹಾಕು.”

ಹೊಡೆದು ಹಾಕಿ, ‘ಸುಳ್ಳು ಹೇಳಿದೆ’ ಎಂದು ಬರೆದೆ. ಅಂಚೆ ಪೆಟ್ಟಿಗೆಯವರೆಗೆ ಅವರೂ ಜೊತೆಗೆ ಬಂದರು.

ಮೇಷ್ಟ್ರ ಉತ್ತರ ಇನ್ನೂ ಬಂದಿಲ್ಲ. ಡಿವಿಡಿ ಮತ್ತೆ ಗುಂಡಿಯ ಚೀಲ ಸೇರಿ ಮೊಳೆಗೆ ನೇತಾಡುತ್ತಿದೆ. ಚೀಲದ ತಳ ಗುರುತು ಮಾಡಲು ಚಿಕ್ಕಮ್ಮ ಈಗ ಒಂದು ಡಬ್ಬಿಯ ಮುಚ್ಚಳ ಇಟ್ಟುಕೊಂಡಿದ್ದಾರೆ. ಅದರ ಅಳತೆ ಸ್ವಲ್ಪ ಚಿಕ್ಕದು. ಪ್ರತಿ ಸಲ ಅಂಚಿನಿಂದ ಅರ್ಧ ಬೆರಳು ಹೊರಗೆ ಬಿಟ್ಟು ಗುರುತು ಹಾಕಬೇಕು.