ಹಾಡು ಮುಗಿಯುವ ತನಕ

ಆ ಶಾಲೆಯ ಜವಾನನಿಗೆ ಮಕ್ಕಳು ಇಟ್ಟ ಹೆಸರು ಗಂಟೆ ಮಾಮ. ಇಪ್ಪತ್ತಾರು ವರ್ಷ ಗಂಟೆ ಹೊಡೆದ, ಬಾವುಟದ ಹಗ್ಗಕ್ಕೆ ಮೇಣ ಸವರಿದ, ಮಕ್ಕಳು ಸಾಲಾಗಿ ನಿಲ್ಲಲು ಮೈದಾನದಲ್ಲಿ ಸುಣ್ಣದ ಗೆರೆ ಎಳೆದ. ಗೆರೆ ಬೆರಳಷ್ಟು ಸೊಟ್ಟಗಾದರೂ ಅಳಿಸಿ ಮತ್ತೆ ಎಳೆಯುತ್ತಿದ್ದ. ಮನೆಯ ಬಾಗಿಲು ಮೂರು ವರ್ಷದಿಂದ ಕಿರುಗುಟ್ಟುತ್ತಿತ್ತು. ಅದಕ್ಕೆ ಎಣ್ಣೆ ಬಿಡಲು ಅವನಿಗೆ ಪುರುಸೊತ್ತಿರಲಿಲ್ಲ.

“ಆ ಬಾವುಟದ ಕಂಬವನ್ನೇ ಮದುವೆ ಆಗ್ಬೇಕಿತ್ತು ನೀವು” ಎಂದು ಹೆಂಡತಿ ಚುಚ್ಚಿದರೆ, “ಅದು ಎದುರು ಮಾತಾಡಲ್ಲ ಕಣೇ, ಯೋಚನೆ ಮಾಡ್ಬೇಕಾದ್ದೇ” ಎಂದು ನಗುತ್ತಿದ್ದ.

ಅವಳೂ ಅದೇ ಶಾಲೆಯಲ್ಲಿ ಕಸ ಗುಡಿಸುತ್ತಿದ್ದಳು.

ಅವನು ಸತ್ತದ್ದು ಸ್ವಾತಂತ್ರ್ಯ ದಿನಾಚರಣೆಯಂದು. ಬಾವುಟ ಮೇಲೇರಿತು, ರಾಷ್ಟ್ರಗೀತೆ ಶುರುವಾಯಿತು. ಎರಡನೇ ಸಾಲು ಹಾಡುವಷ್ಟರಲ್ಲಿ ಅವನು ಕಂಬದ ಬುಡದಲ್ಲಿ ಕುಸಿದ. ಹಾಡು ನಡೆಯುವಾಗ ಅಲುಗಾಡಬಾರದು. ನಾನೂರು ಮಕ್ಕಳು, ಹದಿನಾಲ್ಕು ಮೇಷ್ಟ್ರುಗಳು, ಒಬ್ಬರೂ ಅಲುಗಾಡಲಿಲ್ಲ. ಹಾಡು ಮುಗಿದು, ಜೈಕಾರವೂ ಮುಗಿದ ಮೇಲೆ ಓಡಿ ಬಂದರು. ಅಷ್ಟರಲ್ಲಿ ಅವನ ಬಾಯಲ್ಲಿ ಮಣ್ಣಿತ್ತು, ಉಸಿರಿರಲಿಲ್ಲ.

ಆಮೇಲೆ ಅವಳಿಗೆ ಬೇಕಾಗಿದ್ದು ಒಂದೇ. ಅವನು ಬಿದ್ದದ್ದನ್ನು ನೋಡಿದೆ ಎಂದು ಯಾರಾದರೂ ಒಬ್ಬರು ಬಾಯಿಬಿಟ್ಟು ಹೇಳಬೇಕು. ಪೊರಕೆ ಹಿಡಿದುಕೊಂಡೇ ಕೋಣೆಯಿಂದ ಕೋಣೆಗೆ ಹೋಗಿ ಕೇಳಿದಳು.

“ನನ್ನ ಕಣ್ಣು ಬಾವುಟದ ಮೇಲಿತ್ತಮ್ಮ” ಎಂದರು ಲೆಕ್ಕದ ಮೇಷ್ಟ್ರು.

“ಬಿಸಿಲು ಮುಖಕ್ಕೇ ಹೊಡೀತಿತ್ತು” ಎಂದರು ಹಾಡು ಕಲಿಸುವ ಟೀಚರು.

ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಂಡರು. “ನೋಡಮ್ಮ, ಮುಂದಿನ ವರ್ಷ ಅದೇ ದಿನ ಅವನ ಹೆಸರಲ್ಲಿ ಸನ್ಮಾನ ಇಟ್ಕೊಂಡಿದೀವಿ. ಸುಮ್ನೆ ಕೆದಕ್ಬೇಡ.”

ಡ್ರಿಲ್ ಮೇಷ್ಟ್ರು ಮಾತ್ರ ಸಿಡಿದರು. “ಊರೆಲ್ಲಾ ಕೇಳ್ತಿದೀಯಲ್ಲ, ಅವತ್ತು ನೀನೆಲ್ಲಿದ್ದೆ? ನೀರಿನ ತೊಟ್ಟಿ ಹತ್ರ ನಿಂತಿರ್ಲಿಲ್ವಾ? ಹತ್ತೇ ಹೆಜ್ಜೆ!”

ಅವಳು ಪೊರಕೆ ಕಂಕುಳಿಗೆ ಸೇರಿಸಿ ಹೊರಗೆ ಬಂದಳು. ಮತ್ತೆ ಯಾರನ್ನೂ ಕೇಳಲಿಲ್ಲ. ಗುಡಿಸಿದಳು, ಮನೆಗೆ ಹೋದಳು, ಬೆಳಗ್ಗೆ ಬಂದು ಗುಡಿಸಿದಳು. ಒಂದು ವರ್ಷ ಹೀಗೇ ಕಳೆಯಿತು.

ಸನ್ಮಾನದ ದಿನ ಅವಳನ್ನು ವೇದಿಕೆ ಹತ್ತಿಸಿದರು. ಹೆಡ್‌ಮಾಸ್ಟರು ಮೈಕು ಹಿಡಿದರು. “ಕರ್ತವ್ಯದಲ್ಲೇ ಪ್ರಾಣ ಬಿಟ್ಟ ಮಹಾನುಭಾವರು! ಅವರು ಕೆಳಗೆ ಬಿದ್ದಾಗಲೂ ನಮ್ಮ ಒಂದೇ ಒಂದು ಮಗುವೂ ಸಾಲು ಬಿಟ್ಟು ಕದಲಲಿಲ್ಲ. ಇದಪ್ಪಾ ಶಿಸ್ತು!” ಚಪ್ಪಾಳೆ ಬಿತ್ತು. ಅವನು ಬದುಕಿದ್ದಾಗ ಇದೇ ಬಾಯಿ ‘ಏಯ್’ ಎಂದು ಕರೆಯುತ್ತಿತ್ತು.

ಗಾಜು ಹಾಕಿಸಿದ ಪ್ರಮಾಣಪತ್ರವನ್ನು ಅವಳ ಕೈಗಿಟ್ಟು, ಮೈಕನ್ನು ಅವಳ ಬಾಯಿಗೆ ಹಿಡಿದರು. “ಎರಡು ಮಾತು ಹೇಳಮ್ಮ. ಧನ್ಯವಾದ ಅಂದ್ರೂ ಸಾಕು.”

“ಅವರು ಬಿದ್ದದ್ದು ನಾನು ನೋಡ್ದೆ” ಎಂದಳು. ಮೈಕು ಕೀರೆಂದಿತು. ಅವಳು ನಿಲ್ಲಿಸಲಿಲ್ಲ. “ಕೈ ಎತ್ತಿ ಕರೆದ್ರು. ನಾನು ಹೋಗ್ಲಿಲ್ಲ. ಹಾಡು ಮುಗೀಲಿ ಅಂತ ನಿಂತ್ಕೊಂಡೆ. ನೀವೂ ನೋಡಿದೀರಿ. ನಂಗೊತ್ತು.”

ಲೆಕ್ಕದ ಮೇಷ್ಟ್ರು ತಮ್ಮ ಚಪ್ಪಲಿ ನೋಡುತ್ತಿದ್ದರು. ಹೆಡ್‌ಮಾಸ್ಟರು ಹಾಡಿನ ಟೀಚರಿಗೆ ಕಣ್ಸನ್ನೆ ಮಾಡಿದರು. ರಾಷ್ಟ್ರಗೀತೆ ಶುರುವಾಯಿತು. ಕುರ್ಚಿಗಳು ಒಟ್ಟಿಗೆ ಸದ್ದು ಮಾಡಿದವು, ಎಲ್ಲರೂ ನೆಟ್ಟಗೆ ನಿಂತರು.

ಇಳಿದು ಹೋಗಿಬಿಡಬೇಕು ಎಂದುಕೊಂಡಳು. ಮೆಟ್ಟಿಲು ಎದುರಿಗೇ ಇತ್ತು. ಆದರೆ ಅವಳ ಹಿಮ್ಮಡಿಗಳು ತಾವಾಗಿಯೇ ಕೂಡಿಕೊಂಡವು, ಗದ್ದ ಮೇಲೆದ್ದಿತು. ಹಾಡು ಮುಗಿಯುವ ತನಕ ಅವಳು ಹಾಗೆಯೇ ನಿಂತಿದ್ದಳು.